ಗಾಯರಾಣ ಅಂದರೆ ಖಾಲಿ ಜಾಗ ಅಲ್ಲ

ಮಾನ್ಯ ಸಂಪಾದಕರೇ,

ದನ ಮೇಯುವ ನೆಲವನ್ನೂ ಸುದ್ದಿಯಲ್ಲಿ ಸುಮ್ನೆ ‘ಸರ್ಕಾರಿ ಖಾಲಿ ಜಾಗ’ ಅಂತ ಬರೆದರೆ ಬೇಸರವಾಗುತ್ತದೆ. ನಮ್ಮ ಬೆಳಗಾವಿ ಕಡೆ ಅದಕ್ಕೆ ಗಾಯರಾಣ ಅನ್ನುತ್ತೇವೆ, ಮರಾಠಿಯಲ್ಲಿ ಗಾಯ್ ಅಂದರೆ ಆಕಳು, ಆ ಹೆಸರಲ್ಲೇ ನೆಲ ಯಾರಿಗೆ ಅಂತ ಇದೆ. ಮೈಸೂರು ಕಡೆಯವರಿಗೆ ಅದು ಗೋಮಾಳ. ಮನೆಗಳಿರುವ ಗಾವಠಾಣ ಬೇರೆ.

ಇನ್ನು ‘ದೈವ’. ಇಲ್ಲಿ ದೈವ ಅಂದರೆ ದೇವರಷ್ಟೇ ಅಲ್ಲ, ಒಂದೆಡೆ ಕೂಡಿದ ಊರ ಜನ. ಏನೇ ತಕರಾರು ಬಂದರೂ ‘ದೈವ ಕೂಡಿಸಿ ಕೇಳೋಣ’ ಅನ್ನುತ್ತಿದ್ದರು ನಮ್ಮ ಅಜ್ಜ, ಗಾಯರಾಣದ ಮಾತು ಬಂದರಂತೂ ದೈವ ಕೂಡಲೇಬೇಕಿತ್ತು. ಆ ಎರಡು ಮಾತು ಜೋಡಿಯಾಗಿಯೇ ಬದುಕಿದ್ದವು, ಅಲ್ವಾ?

1966ರ ಭೂ ಕಂದಾಯ ನಿಯಮದಲ್ಲೂ 100 ದನಗಳಿಗೆ ಸುಮಾರು 30 ಎಕರೆ ಮೇವಿನ ನೆಲ ಬಿಡಬೇಕೆಂದಿದೆ. ದಯವಿಟ್ಟು ವರದಿಯಲ್ಲಿ ಗಾಯರಾಣವನ್ನು ಗಾಯರಾಣ ಅಂತಲೇ ಬರೆಯಿರಿ.

– ಒಬ್ಬ ಓದುಗ, ಬೈಲಹೊಂಗಲ