ಆರ್‌ಪಿಸಿ ಗಾಜುಗಳ ಕೋಟಿಂಗ್ ಸರಿಯಿಲ್ಲದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗಾಜು ಕೋಟಿಂಗ್ ವಿಭಾಗ

ವಿಷಯ: ಡಿಟೆಕ್ಟರ್ ಎಲೆಕ್ಟ್ರೋಡ್ ಗಾಜುಗಳನ್ನು ಬದಲಿಸಿ ಕೊಡುವ ಬಗ್ಗೆ

ಮಾನ್ಯರೇ,

ಆರ್‌ಪಿಸಿ, ಅಂದರೆ ಕಣಗಳನ್ನು ಗುರುತಿಸುವ ರೆಸಿಸ್ಟಿವ್ ಪ್ಲೇಟ್ ಚೇಂಬರ್ ಎಂಬ ಡಿಟೆಕ್ಟರ್ ಮಾಡಲು ನಮ್ಮ ಭೌತಶಾಸ್ತ್ರ ಲ್ಯಾಬಿಗೆ ನೀವು ಕಳಿಸಿದ ಗಾಜುಗಳು ತಲುಪಿವೆ. ಪ್ಯಾಕಿಂಗ್ ಚೆನ್ನಾಗಿತ್ತು, ಒಂದೂ ಒಡೆದಿಲ್ಲ. ಆದರೆ ಮೇಲಿನ ಕಪ್ಪು ಕೋಟಿಂಗ್ ನಾವು ಕೇಳಿದಂತೆಯೂ ಇಲ್ಲ, ನೀವು ಮೊದಲು ಕೊಟ್ಟ ಸ್ಯಾಂಪಲ್‌ನಂತೆಯೂ ಇಲ್ಲ.

ಕೋಟಿಂಗ್ ಕರೆಂಟಿಗೆ ಒಡ್ಡುವ ತಡೆ (ರೆಸಿಸ್ಟೆನ್ಸ್) ನಾವು ಕೇಳಿದ್ದು ಚದರಕ್ಕೆ 1 ಮೆಗಾ ಓಮ್ ಆಸುಪಾಸು. ಅಳೆಯುವ ಕ್ರಮ ನಿಮಗೂ ಗೊತ್ತು. ಹಿತ್ತಾಳೆಯ ಎರಡು ಪಟ್ಟಿಗಳನ್ನು, ಪಟ್ಟಿಯ ಉದ್ದದಷ್ಟೇ ಅಂತರ ಬಿಟ್ಟು, ಕೋಟಿಂಗ್ ಮೇಲೆ ಒತ್ತಿ ಹಿಡಿದರೆ ಮೀಟರ್ ನೇರವಾಗಿ ಆ ಲೆಕ್ಕ ತೋರಿಸುತ್ತದೆ. ಒಂದೇ ಗಾಜಿನ ನಡುವೆ 0.2 ಮೆಗಾ ಓಮ್, ಮೂಲೆಯಲ್ಲಿ 8 ಬಂತು. ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ತೂತುಗಳು ಕಾಣುತ್ತವೆ. ಟೇಪ್ ಅಂಟಿಸಿ ಕಿತ್ತರೆ ಕಪ್ಪು ಪುಡಿ ಟೇಪಿನ ಜೊತೆಗೇ ಎದ್ದು ಬರುತ್ತದೆ. ಬಣ್ಣವನ್ನು ಓವನ್‌ನಲ್ಲಿ ಸರಿಯಾಗಿ ಒಣಗಿಸಿಲ್ಲ ಎಂದೇ ನಮ್ಮ ಅನುಮಾನ. ಅಂಚಿನಲ್ಲಿ 1 ಸೆಂ.ಮೀ. ಖಾಲಿ ಬಿಡಿ ಎಂದು ಡ್ರಾಯಿಂಗ್‌ನಲ್ಲಿ ಬರೆದಿದ್ದೆವು. ಬಣ್ಣ ಅದನ್ನೂ ದಾಟಿ ಪಕ್ಕಕ್ಕೆ ಇಳಿದಿದೆ.

ಫೋನ್ ಮಾಡಿದಾಗ ನಿಮ್ಮವರು, "ಕಪ್ಪಗಿದೆ, ಕರೆಂಟ್ ಹರಿಯುತ್ತದೆ, ಇನ್ನೇನು ಬೇಕು ಸರ್?" ಎಂದರು. ಈ ಮಾತು ನಮಗೆ ನಿಜಕ್ಕೂ ಬೇಸರ ತಂದಿದೆ. ಏನು ಬೇಕು ಎಂದು ಬಿಡಿಸಿಯೇ ಹೇಳುತ್ತೇನೆ.

ಈ ಡಿಟೆಕ್ಟರಿನಲ್ಲಿ 3 ಮಿ.ಮೀ. ದಪ್ಪದ ಎರಡು ಗಾಜುಗಳ ನಡುವೆ 2 ಮಿ.ಮೀ. ಸಂದು. ಅದರಲ್ಲಿ ಗ್ಯಾಸ್ ಹರಿಯುತ್ತಿರುತ್ತದೆ. ಬಹುಪಾಲು ಕಾರಿನ ಎಸಿಗೆ ಹಾಕುವ ಆರ್-134ಎ, ಜೊತೆಗೆ ಸ್ವಲ್ಪ ಐಸೊಬ್ಯುಟೇನ್. ಗಾಜುಗಳ ಹೊರಮೈಗೆ ಸುಮಾರು 10,000 ವೋಲ್ಟ್ ಕೊಡುತ್ತೇವೆ. ಆಕಾಶದಿಂದ ಬರುವ ಮ್ಯುಆನ್ ಕಣ ಹಾದುಹೋದಾಗ ಗ್ಯಾಸ್‌ನಲ್ಲಿ ಎಲೆಕ್ಟ್ರಾನುಗಳು ಒಂದು ಹತ್ತಾಗಿ, ಹತ್ತು ನೂರಾಗಿ ಹೆಚ್ಚುತ್ತವೆ. ಗಾಜು ಸುಲಭವಾಗಿ ಕರೆಂಟ್ ಬಿಟ್ಟುಕೊಡದ ಕಾರಣ ಆ ಚುಕ್ಕಿಯಲ್ಲಿ ಮಾತ್ರ ವೋಲ್ಟೇಜ್ ಕುಸಿಯುತ್ತದೆ, ಕಿಡಿ ಹರಡುವುದಿಲ್ಲ. 1981ರಲ್ಲಿ ಇಟಲಿಯ ಸಾಂಟೊನಿಕೊ ಮತ್ತು ಕಾರ್ಡರೆಲ್ಲಿ ಬೇಕಲೈಟ್ ಹಾಳೆಗಳಿಂದ ಮಾಡಿ ತೋರಿಸಿದ್ದು ಇದನ್ನೇ.

ಇದರಲ್ಲಿ ನಿಮ್ಮ ಕಪ್ಪು ಕೋಟಿಂಗ್‌ಗೆ ಎರಡು ಕೆಲಸ. ಇಡೀ ಗಾಜಿಗೆ ವೋಲ್ಟೇಜ್ ಸಮನಾಗಿ ಹಂಚಬೇಕು. ಜೊತೆಗೆ ಒಳಗಿನ ಸಿಗ್ನಲ್ ಹೊರಗಿನ ತಾಮ್ರದ ಪಟ್ಟಿಗಳಿಗೆ ತಲುಪಲು ದಾರಿ ಬಿಡಬೇಕು. ಓಮ್ ತೀರಾ ಕಡಿಮೆಯಾದರೆ ಸಿಗ್ನಲ್ ಕೋಟಿಂಗ್‌ನಲ್ಲೇ ಹರಡಿಹೋಗುತ್ತದೆ. ಕಣ ಯಾವ ಪಟ್ಟಿಯ ಕೆಳಗೆ ಹೋಯಿತು ಎಂದು ತಿಳಿಯುವುದಿಲ್ಲ. ಬಣ್ಣ ತುಂಡಾದ ಕಡೆ ವೋಲ್ಟೇಜೇ ಸರಿಯಾಗಿ ತಲುಪುವುದಿಲ್ಲ, ಅಲ್ಲಿ ಡಿಟೆಕ್ಟರ್ ಕುರುಡಾಗುತ್ತದೆ. ಇನ್ನು ಅಂಚು ದಾಟಿದ ಬಣ್ಣ ಎಲ್ಲಕ್ಕಿಂತ ಅಪಾಯ. ಒಂದು ಜೋಡಿ ಜೋಡಿಸಿ ನೋಡಿದೆವು. ವೋಲ್ಟೇಜ್ ಅರ್ಧ ಏರುವಷ್ಟರಲ್ಲೇ ಲೀಕೇಜ್ ಕರೆಂಟ್ ಜಾಸ್ತಿಯಾಗಿ, ಮೂಲೆಯಲ್ಲಿ ಚಿರ್ ಎನ್ನುವ ಸದ್ದು ಶುರುವಾಯಿತು. ಮಳೆಗಾಲದ ತೇವದಲ್ಲಿ ಇದು ಇನ್ನೂ ಕೆಡುತ್ತದೆ. ಎಪಾಕ್ಸಿ ಹಾಕಿ ಅಂಟಿಸಿದ್ದನ್ನು ಮತ್ತೆ ಬಿಚ್ಚಲು ಆಗುವುದಿಲ್ಲ, ಆ ಜೋಡಿ ಹಾಳಾದಂತೆಯೇ.

ಸಮುದ್ರಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯುಆನ್ ಬೀಳುತ್ತದೆ. ಅದನ್ನು ವಿದ್ಯಾರ್ಥಿಗಳು ತಮ್ಮ ಕೈಯಾರೆ ಮಾಡಿದ ಡಿಟೆಕ್ಟರಿನಲ್ಲಿ ಎಣಿಸಬೇಕು ಎಂಬುದು ನಮ್ಮ ಆಸೆ. 1965ರಲ್ಲಿ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣದ ಗುರುತು ಸಿಕ್ಕ ನಾಡು ಇದು. ಈ ಕೆಲಸ ಇಲ್ಲಿನ ಕಾರ್ಖಾನೆಯಲ್ಲೇ ಆಗಲಿ ಎಂದೇ ಹೊರಗಿನಿಂದ ತರಿಸದೆ ನಿಮಗೆ ಆರ್ಡರ್ ಕೊಟ್ಟೆವು. ನಿಮ್ಮ ಮೊದಲ ಸ್ಯಾಂಪಲ್ ಬಹಳ ಚೆನ್ನಾಗಿತ್ತು. ಅಂದರೆ ನಿಮಗೆ ಮಾಡಲು ಬರುತ್ತದೆ. ಆಮೇಲೆ ಬಣ್ಣದ ಬ್ಯಾಚ್ ಬದಲಾಯಿಸಿದಿರಾ? ಬದಲಾಯಿಸಿದ್ದರೆ ನಮಗೊಂದು ಮಾತು ಹೇಳಬೇಕಿತ್ತು ಅಲ್ವಾ?

ಆದ್ದರಿಂದ ಎಲ್ಲ ಗಾಜುಗಳನ್ನೂ ನಿಮ್ಮ ಖರ್ಚಿನಲ್ಲೇ ಬದಲಿಸಿ ಕೊಡಿ. ಹಾಳಾದ ಜೋಡಿಯೂ ಅದರಲ್ಲಿ ಸೇರಲಿ. ಹೊಸ ಗಾಜುಗಳ ಜೊತೆ ಬಣ್ಣದ ಬ್ಯಾಚ್ ನಂಬರ್, ಒಣಗಿಸಿದ ಉಷ್ಣತೆ, ಪ್ರತಿ ಗಾಜಿನ ನಡುವೆ ಮತ್ತು ನಾಲ್ಕು ಮೂಲೆಯಲ್ಲಿ ಅಳೆದ ಓಮ್ ಬರೆದು ಕಳಿಸಿ. ಅಳೆಯುವ ಹಿತ್ತಾಳೆ ಪಟ್ಟಿಗಳು ನಿಮ್ಮಲ್ಲಿ ಇಲ್ಲದಿದ್ದರೆ ನಮ್ಮದನ್ನೇ ಕೊಡುತ್ತೇವೆ. ಬಾಕಿ ಹಣ ಅಲ್ಲಿಯವರೆಗೆ ತಡೆಹಿಡಿಯಲು ಅಕೌಂಟ್ಸ್ ವಿಭಾಗಕ್ಕೆ ಬರೆದಿದ್ದೇನೆ. ನಮ್ಮ ಅಳತೆಯ ಪಟ್ಟಿ ಮತ್ತು ಫೋಟೊಗಳನ್ನು ಲಗತ್ತಿಸಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಲ್ಯಾಬ್ ಉಸ್ತುವಾರಿ,
ಭೌತಶಾಸ್ತ್ರ ವಿಭಾಗ