ಲಬುವಾನ್ ಬಾಜೊ ತಲುಪಿದ್ದೇವೆ

ಎಲ್ಲರಿಗೂ ನಮಸ್ಕಾರ. ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದ ಪಶ್ಚಿಮ ತುದಿಯ ಈ ಬಂದರಿನಲ್ಲಿ ಲಂಗರು ಹಾಕಿದ್ದೇವೆ. ಇಬ್ಬರೂ ಆರಾಮ. ನೀರು, ಡೀಸೆಲ್, ತರಕಾರಿ ತುಂಬಿಸಿಕೊಂಡು ನಾಳೆ ಬೆಳಗ್ಗೆಯೇ ಹೊರಡುತ್ತೇವೆ.

ನಮ್ಮ ಸುತ್ತ ಬರೀ ಪಿನಿಸಿಗಳು. ಸುಲವೇಸಿ ದ್ವೀಪದ ಬಡಗಿಗಳು ಕಟ್ಟುವ, ಎರಡು ಹಾಯಿಕಂಬದ ಮರದ ಹಡಗುಗಳು ಇವು. ನೋಡಿದಷ್ಟೂ ಸಾಲದು! ಸಂಜೆ ದಡದ ಮೀನು ಸಂತೆಗೆ ಹೋಗಿದ್ದೆವು. ನಾವು ಆರಿಸಿದ ಮೀನನ್ನು ಅಲ್ಲೇ ಕೆಂಡದ ಮೇಲೆ ಸುಟ್ಟು, ಸಂಬಾಲ್ ಅನ್ನೋ ಖಾರದ ಚಟ್ನಿ ಜೊತೆ ಕೊಟ್ಟರು. ಅನ್ನ ಬಿಸಿಬಿಸಿ.

ಮುಂದಿನ ದಾರಿ ಕೊಮೊಡೊ ರಾಷ್ಟ್ರೀಯ ಉದ್ಯಾನದ ಒಳಗೆ. ದ್ವೀಪಗಳ ನಡುವೆ ಸೆಳೆತ ಜೋರು, ಉಬ್ಬರ ಇಳಿತ ನೋಡಿಕೊಂಡೇ ದಾಟಬೇಕು. ಅಲ್ಲಿ ಸಿಗ್ನಲ್ ಕಡಿಮೆ. ಮೆಸೇಜ್ ಬರದಿದ್ದರೆ ಸುಮ್ನೆ ಗಾಬರಿಯಾಗಬೇಡಿ. ಮಾತಾಡಬೇಕಿದ್ದರೆ ಇವತ್ತೇ ಫೋನ್ ಮಾಡಿ. ನಿಮ್ಮ ರಾತ್ರಿ 8 ಗಂಟೆ ಅಂದರೆ ಇಲ್ಲಿ 10.30, ಸ್ವಲ್ಪ ಬೇಗ ಮಾಡಿ.