ವಿದೇಶಿ ಕೃಷ್ಣಭಕ್ತರು ನಮ್ಮ ಹೆಮ್ಮೆಗೆ ಮಾತ್ರ ಬೇಕೇ?

ಸಂಪಾದಕರಿಗೆ ನಮಸ್ಕಾರ,

ಕೃಷ್ಣ ಜನ್ಮಾಷ್ಟಮಿ ಬಂತೆಂದರೆ ಪತ್ರಿಕೆಗಳಲ್ಲಿ ಒಂದು ಫೋಟೊ ಗ್ಯಾರಂಟಿ. ಸೀರೆ ಉಟ್ಟು, ಹಣೆಗೆ ಗೋಪೀಚಂದನ ಇಟ್ಟುಕೊಂಡ ಬಿಳಿ ಹೆಂಗಸೊಬ್ಬಳು ತಾಳ ಹಿಡಿದು ಕುಣಿಯುತ್ತಿರುತ್ತಾಳೆ. ಕೆಳಗೆ 'ಕೃಷ್ಣಭಕ್ತಿಯಲ್ಲಿ ಮಿಂದ ವಿದೇಶಿ ಮಹಿಳೆ' ಅನ್ನೋ ಥರದ ಒಂದು ಸಾಲು. ಅವಳ ಹೆಸರು ಇರುವುದಿಲ್ಲ. ಯಾವ ದೇಶದವಳು, ಎಷ್ಟು ವರ್ಷದಿಂದ ಜಪ ಮಾಡುತ್ತಿದ್ದಾಳೆ, ಅವಳ ಅಪ್ಪ ಅಮ್ಮನೂ ಭಕ್ತರೇನಾ, ಏನೂ ತಿಳಿಯುವುದಿಲ್ಲ. ಸಂಜೆಯೊಳಗೆ ಅದೇ ಫೋಟೊ ಮನೆಯ ವಾಟ್ಸಾಪ್ ಗುಂಪಿಗೆ ಬಂದು ಬೀಳುತ್ತದೆ, ಜೊತೆಗೆ 'ನೋಡಿ, ಅವರೇ ನಮ್ಮ ಸಂಸ್ಕೃತಿಗೆ ಬರ್ತಿದ್ದಾರೆ, ನಮ್ಮ ಮಕ್ಕಳು ಮಾತ್ರ ಪಿಜ್ಜಾ ತಿನ್ನುತ್ತಾ ಕೂತಿದ್ದಾರೆ' ಅಂತ ಯಾರೋ ಚಿಕ್ಕಪ್ಪನ ಉಪದೇಶ. ನಿಮ್ಮ ಪತ್ರಿಕೆಯೂ ಇದಕ್ಕೆ ಹೊರತಲ್ಲ, ಅದಕ್ಕೇ ಈ ಪತ್ರ.

ನನ್ನ ತಕರಾರು ಇಷ್ಟೇ. ನಮ್ಮ ಭಕ್ತಿ ಅಮೆರಿಕಕ್ಕೆ ಹೋಯಿತು, ಲಂಡನ್ನಿಗೆ ಹೋಯಿತು ಅಂತ ಚಪ್ಪಾಳೆ ತಟ್ಟುತ್ತೇವೆ. ಆ ಭಕ್ತಿಯನ್ನು ಹಿಡಿದುಕೊಂಡು ಅಲ್ಲಿನ ಜನ ನಮ್ಮ ದೇವಸ್ಥಾನದ ಬಾಗಿಲಿಗೆ ಬಂದರೆ, ಹುಟ್ಟು ಯಾವುದು ಅಂತ ಕೇಳುತ್ತೇವೆ. ಎರಡೂ ಒಟ್ಟಿಗೆ ನಡೆಯುವುದಿಲ್ಲ.

ಮೊದಲು ಅದು ಅಲ್ಲಿಗೆ ಹೋದದ್ದು ಹೇಗೆ ಅಂತ ಸ್ವಲ್ಪ ನೋಡೋಣ. ಹರೇ ಕೃಷ್ಣ ಚಳವಳಿಯ, ಅಂದರೆ ಇಸ್ಕಾನ್ ಸಂಸ್ಥೆಯ ವಿಷಯವನ್ನೇ ಹೇಳುತ್ತೇನೆ, ಯಾಕೆಂದರೆ ಫೋಟೊಗಳಲ್ಲಿ ಜಾಸ್ತಿ ಕಾಣುವವರು ಅವರೇ. ಅದನ್ನು ಕಟ್ಟಿದ ಎ.ಸಿ. ಭಕ್ತಿವೇದಾಂತ ಸ್ವಾಮಿ ಪ್ರಭುಪಾದರು 1896ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದವರು, ಸನ್ಯಾಸಕ್ಕೆ ಮುಂಚೆ ಔಷಧಿ ವ್ಯಾಪಾರ ಮಾಡಿಕೊಂಡಿದ್ದ ಸಂಸಾರಿ. 1965ರ ಆಗಸ್ಟ್‌ನಲ್ಲಿ 'ಜಲದೂತ' ಅನ್ನೋ ಸರಕು ಹಡಗು ಹತ್ತಿದರು. ಆಗ ವಯಸ್ಸು 69ರ ಹತ್ತಿರ. ಸಿಂಧಿಯಾ ಹಡಗು ಕಂಪನಿಯ ಸುಮತಿ ಮೊರಾರ್ಜಿಯವರು ಟಿಕೆಟ್ ಪುಕ್ಕಟೆ ಕೊಟ್ಟಿದ್ದರು. ದಾರಿಯಲ್ಲೇ ಹೃದಯಾಘಾತ ಆಯಿತು. ಸೆಪ್ಟೆಂಬರ್ 17ಕ್ಕೆ ಬಾಸ್ಟನ್ ಮುಟ್ಟಿದಾಗ ಕೈಯಲ್ಲಿದ್ದದ್ದು ಒಂದಿಷ್ಟು ಪುಡಿಕಾಸು ಮತ್ತು ಪೆಟ್ಟಿಗೆ ತುಂಬ ತಾವೇ ಇಂಗ್ಲಿಷಿಗೆ ಅನುವಾದಿಸಿದ್ದ ಭಾಗವತದ ಪ್ರತಿಗಳು. ಇವರೇ ಮೊದಲಿಗರೇನಲ್ಲ. 1902ರಲ್ಲೇ ಬಾಬಾ ಪ್ರೇಮಾನಂದ ಭಾರತಿ ನ್ಯೂಯಾರ್ಕಿಗೆ ಹೋಗಿ ಬಂಗಾಳದ ಸಂತ ಚೈತನ್ಯರ ಕೃಷ್ಣಭಕ್ತಿಯ ಬಗ್ಗೆ ಹೇಳಿದ್ದರು. ಆದರೆ ಕಾಲ ಕೂಡಿ ಬಂದದ್ದು ಇವರಿಗೆ. ಇವರು ಇಳಿದ ಮುಂದಿನ ತಿಂಗಳೇ, 1965ರ ಅಕ್ಟೋಬರಿನಲ್ಲಿ, ಅಮೆರಿಕ ತನ್ನ ವಲಸೆ ಕಾನೂನು ಬದಲಾಯಿಸಿತು. ಅಲ್ಲಿಯವರೆಗೆ ಭಾರತದಿಂದ ವರ್ಷಕ್ಕೆ ನೂರು ಜನಕ್ಕೆ ಮಾತ್ರ ವಲಸೆ ಹೋಗಿ ನೆಲೆಸಲು ಕೋಟಾ ಇತ್ತು. ಆ ಕಟ್ಟು ಸಡಿಲವಾಗಿದ್ದರಿಂದಲೇ ಮುಂದೆ ಗುರುಗಳೂ ಹೋದರು, ನಮ್ಮ ಎಂಜಿನಿಯರುಗಳೂ ಡಾಕ್ಟರುಗಳೂ ಹೋದರು.

1966ರಲ್ಲಿ ನ್ಯೂಯಾರ್ಕಿನ ಸೆಕೆಂಡ್ ಅವೆನ್ಯೂದಲ್ಲಿ ಒಂದು ಸಣ್ಣ ಅಂಗಡಿ ಮಳಿಗೆ ಬಾಡಿಗೆಗೆ ಸಿಕ್ಕಿತು. ಹಳೆಯ ಬೋರ್ಡಿನಲ್ಲಿ 'ಮ್ಯಾಚ್‌ಲೆಸ್ ಗಿಫ್ಟ್ಸ್' ಅಂತ ಬರೆದಿತ್ತು, ಅದನ್ನು ಹಾಗೇ ಬಿಟ್ಟರು. ಸುತ್ತಮುತ್ತ ಮನೆ ಬಿಟ್ಟು ಬಂದ, ನಶೆಯಲ್ಲಿ ಮುಳುಗಿದ ಹುಡುಗರು. ಅವರಿಗೆ ಈ ಮುದುಕರು ಅನ್ನ, ಚಪಾತಿ, ಪಲ್ಯ ಮಾಡಿ ಬಡಿಸಿದರು, ಕೀರ್ತನೆ ಹೇಳಿಸಿದರು. ಆಮೇಲೆ ನಿಯಮ ಹೇಳಿದರು. ಮಾಂಸ ಇಲ್ಲ, ಜೂಜು ಇಲ್ಲ, ಮದುವೆಯಾಚೆಗೆ ಸಂಬಂಧ ಇಲ್ಲ, ಯಾವ ನಶೆಯೂ ಇಲ್ಲ. ನಶೆ ಅಂದರೆ ಟೀ ಕಾಫಿ ಕೂಡ ಸೇರಿತು. ದಿನಕ್ಕೆ ಹದಿನಾರು ಸುತ್ತು ಜಪಮಾಲೆ ಬೇರೆ. ಹಿಪ್ಪಿಗಳು ಸುಮ್ನೆ ಸೇರಿಕೊಂಡರು ಅಂತ ನಗುವವರು ಒಂದು ವಾರ ಫಿಲ್ಟರ್ ಕಾಫಿ ಬಿಟ್ಟು ನೋಡಲಿ. ಬೆಂಗಳೂರಿನಲ್ಲಿ ಎಷ್ಟು ಜನ ಪಾಸಾಗುತ್ತಾರೋ ನನಗೂ ಕುತೂಹಲ ಇದೆ.

ಪ್ರಭುಪಾದರು ಅಲ್ಲಿ ಹೆಂಗಸರಿಗೂ ಮಂತ್ರದೀಕ್ಷೆ ಕೊಟ್ಟರು, ದೇವರ ಪೂಜೆಗೂ ಬಿಟ್ಟರು. ನಮ್ಮ ಮಠಗಳಲ್ಲಿ ಇವತ್ತಿಗೂ ಮಾತಾಡಲು ಹಿಂಜರಿಯುವ ಸಂಗತಿ ಇದು. 1969ರಲ್ಲಿ ಬೀಟಲ್ಸ್ ತಂಡದ ಹಾಡುಗಾರ ಜಾರ್ಜ್ ಹ್ಯಾರಿಸನ್ ಲಂಡನ್ನಿನ ಭಕ್ತರಿಂದ ಹರೇ ಕೃಷ್ಣ ಮಂತ್ರವನ್ನೇ ಹಾಡಿಸಿ ರೆಕಾರ್ಡ್ ಮಾಡಿದ್ದು, ಅದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 12ನೇ ಸ್ಥಾನಕ್ಕೆ ಏರಿದ್ದು, 1973ರಲ್ಲಿ ಆತ ಲಂಡನ್ ಹತ್ತಿರ ಒಂದು ದೊಡ್ಡ ಬಂಗಲೆಯನ್ನೇ ಕೊಡಿಸಿದ್ದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಮುಂದಿನ ಕಥೆ. ಭಕ್ತಿವೇದಾಂತ ಮ್ಯಾನರ್ ಅನ್ನೋ ಆ ಬಂಗಲೆಗೆ ಹಬ್ಬದ ದಿನ ಜನಸಾಗರ ಬರುತ್ತೆ, ನಮ್ಮ ಹಳ್ಳಿಯ ನೆಮ್ಮದಿ ಕೆಡುತ್ತೆ ಅಂತ ಅಲ್ಲಿನವರು ದೂರು ಕೊಟ್ಟು, ಸಾರ್ವಜನಿಕ ಪೂಜೆಗೇ ತಡೆ ಬಂದು, ವರ್ಷಗಟ್ಟಲೆ ಹೋರಾಡಿ, ಕೊನೆಗೆ ಹಳ್ಳಿಯನ್ನು ಬಳಸಿ ಹೋಗುವ ಬೇರೆ ರಸ್ತೆ ಮಾಡಿಕೊಂಡ ಮೇಲೆ 1996ರಲ್ಲಿ ಅನುಮತಿ ಸಿಕ್ಕಿತು. ಆ ಹೋರಾಟದಲ್ಲಿ ಇಂಗ್ಲೆಂಡಿನ ಗುಜರಾತಿಗಳು, ಬೇರೆ ಭಾರತೀಯರು ಆ ಬಿಳಿ ಭಕ್ತರ ಹೆಗಲಿಗೆ ಹೆಗಲು ಕೊಟ್ಟು ನಿಂತರು. ಅಲ್ಲಿ ಅವರನ್ನು 'ನಮ್ಮವರು' ಅನ್ನೋಕೆ ಯಾರಿಗೂ ಕಷ್ಟ ಆಗಲಿಲ್ಲ.

ರಷ್ಯಾದ್ದು ಇನ್ನೂ ಗಂಭೀರ. ಪ್ರಭುಪಾದರು 1971ರಲ್ಲಿ ಮಾಸ್ಕೋಗೆ ಹೋಗಿದ್ದು ಕೆಲವೇ ದಿನ. ಅವರಿಂದ ಶುರುವಾದ ಭಕ್ತರ ಗುಂಪಿಗೆ 80ರ ದಶಕದಲ್ಲಿ ಸೋವಿಯತ್ ಸರ್ಕಾರ ಜೈಲು ತೋರಿಸಿತು, ಕೆಲವರನ್ನು ಹುಚ್ಚಾಸ್ಪತ್ರೆಗೆ ಹಾಕಿತು. ಜಪ ಮಾಡಿದ್ದಕ್ಕೆ, ಗೀತೆ ಹಂಚಿದ್ದಕ್ಕೆ. ನಾವಿಲ್ಲಿ ಮೈಕ್ ಹಾಕಿಕೊಂಡು ಭಜನೆ ಮಾಡುತ್ತಿದ್ದಾಗ ಅವರು ಬಾಗಿಲು ಹಾಕಿಕೊಂಡು ಪಿಸುದನಿಯಲ್ಲಿ ಮಾಡುತ್ತಿದ್ದರು. ಸೋವಿಯತ್ ಒಕ್ಕೂಟ ಹೋದ ಮೇಲೂ ಮುಗಿಯಲಿಲ್ಲ. 2011ರಲ್ಲಿ ಸೈಬೀರಿಯಾದ ಟಾಮ್ಸ್ಕ್ ಊರಿನಲ್ಲಿ ಪ್ರಭುಪಾದರ ಗೀತಾ ವ್ಯಾಖ್ಯಾನದ ರಷ್ಯನ್ ಪುಸ್ತಕವನ್ನು ಉಗ್ರವಾದಿ ಸಾಹಿತ್ಯ ಅಂತ ನಿಷೇಧಿಸಲು ಕೇಸು ಹಾಕಿದರು. ನಮ್ಮ ಸಂಸತ್ತಿನಲ್ಲಿ ಗಲಾಟೆ ಆಯಿತು, ಪಕ್ಷ ಬೇಧ ಇಲ್ಲದೆ ಎಲ್ಲರೂ ಎದ್ದು ನಿಂತರು. ಆಗ ವಿದೇಶಾಂಗ ಸಚಿವರಾಗಿದ್ದವರು ನಮ್ಮ ಎಸ್.ಎಂ. ಕೃಷ್ಣ ಅವರೇ, ಲೋಕಸಭೆಯಲ್ಲಿ ಹೇಳಿಕೆ ಕೊಟ್ಟರು. ಡಿಸೆಂಬರ್ 28ಕ್ಕೆ ಅಲ್ಲಿನ ಕೋರ್ಟು ಕೇಸನ್ನು ತಳ್ಳಿಹಾಕಿತು. ಪುಸ್ತಕಕ್ಕೆ ಅವಮಾನ ಆದಾಗ ಇಡೀ ದೇಶಕ್ಕೆ ಸಿಟ್ಟು ಬಂತು. ಬರಬೇಕಾದ್ದೇ.

ಈಗ ಅದೇ ರಷ್ಯನ್ ಭಕ್ತ ಪುರಿಗೆ ಬಂದ ಅಂದುಕೊಳ್ಳಿ. ಜಗನ್ನಾಥನ ದೇವಸ್ಥಾನದೊಳಗೆ ಅವನಿಗೆ ಪ್ರವೇಶ ಇಲ್ಲ. ದೀಕ್ಷೆ ಆಗಿರಲಿ, ಜುಟ್ಟು ಇರಲಿ, ಇಪ್ಪತ್ತು ವರ್ಷ ಈರುಳ್ಳಿ ಬೆಳ್ಳುಳ್ಳಿ ಮುಟ್ಟದವನಾಗಿರಲಿ, ನಡೆಯಲ್ಲ. ಕೇರಳದ ಗುರುವಾಯೂರಿನಲ್ಲೂ ಅಹಿಂದೂಗಳಿಗೆ ಪ್ರವೇಶ ಇಲ್ಲ ಅನ್ನೋ ನಿಯಮ ಇದೆ. 1984ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರನ್ನೇ ಪುರಿಯಲ್ಲಿ ಒಳಗೆ ಬಿಡಲಿಲ್ಲ, ಪಾರ್ಸಿಯನ್ನು ಮದುವೆಯಾದವರು ಅಂತ. 2018ರಲ್ಲಿ ಸುಪ್ರೀಂ ಕೋರ್ಟು, ವಸ್ತ್ರ ಮತ್ತು ನಡವಳಿಕೆಯ ನಿಯಮ ಹಾಕಿ ಎಲ್ಲ ಧರ್ಮದವರಿಗೂ ದರ್ಶನ ಕೊಡುವ ಬಗ್ಗೆ ಯೋಚಿಸಿ ಅಂತ ಪುರಿ ಆಡಳಿತಕ್ಕೆ ಹೇಳಿತು. ಅಲ್ಲಿ ದೊಡ್ಡ ವಿರೋಧ ಎದ್ದಿತು. ಈಗಲೂ ನಿಯಮ ಹಾಗೇ ಇದೆ.

ಪ್ರವಾಸಿಗರನ್ನು ಬಿಡಬೇಕಾ ಬೇಡವಾ ಅನ್ನೋದು ಬೇರೆ ಚರ್ಚೆ, ಅದಕ್ಕೆ ನಾನು ಕೈ ಹಾಕುವುದಿಲ್ಲ. ನಾನು ಕೇಳುತ್ತಿರುವುದು ದೀಕ್ಷೆ ತೆಗೆದುಕೊಂಡವರ ಬಗ್ಗೆ ಮಾತ್ರ. ಹುಟ್ಟು ಬೇರೆ ಅನ್ನೋ ಒಂದೇ ಕಾರಣಕ್ಕೆ ಅವರು ಹಿಂದೂ ಅಲ್ಲ ಅಂದರೆ, ಜನ್ಮಾಷ್ಟಮಿಯ ದಿನ ಅವರ ಫೋಟೊ ಹಾಕಿ 'ಇಡೀ ಜಗತ್ತು ಹಿಂದೂ ಧರ್ಮದ ಕಡೆ' ಅಂತ ಬರೆಯುವುದು ಯಾವ ನ್ಯಾಯ?

ಪುರಿಯ ವಿಷಯದಲ್ಲಿ ಇದು ಇನ್ನೂ ವಿಚಿತ್ರ. ಯಾಕೆಂದರೆ ಈ ಭಕ್ತಿಪಂಥದ ಮೂಲಪುರುಷ ಚೈತನ್ಯರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಪುರಿಯಲ್ಲೇ. ಅವರಿಗೆ ತುಂಬ ಪ್ರಿಯನಾಗಿದ್ದ ಹರಿದಾಸ ಠಾಕೂರ ಮುಸ್ಲಿಂ ಮನೆಯಿಂದ ಬಂದವನು. ಅವನು ದೇವಸ್ಥಾನದೊಳಗೆ ಹೋಗುತ್ತಿರಲಿಲ್ಲ, ದೂರದಿಂದಲೇ ಶಿಖರದ ಚಕ್ರಕ್ಕೆ ಕೈಮುಗಿಯುತ್ತಿದ್ದ. ಚೈತನ್ಯರೇ ದಿನಾ ಅವನಿದ್ದಲ್ಲಿಗೆ ಹೋಗುತ್ತಿದ್ದರು. ಅವನು ಸತ್ತಾಗ ಸಮುದ್ರದ ದಂಡೆಯಲ್ಲಿ ತಾವೇ ಮಣ್ಣು ಹಾಕಿದರು ಅಂತ 'ಚೈತನ್ಯ ಚರಿತಾಮೃತ' ಹೇಳುತ್ತದೆ. ಇನ್ನಿಬ್ಬರು ಒಳಗೆ ಹೋಗದೆ ಉಳಿದವರು ರೂಪ ಮತ್ತು ಸನಾತನ ಗೋಸ್ವಾಮಿಗಳು. ಬಂಗಾಳದ ಸುಲ್ತಾನ ಹುಸೇನ್ ಶಾಹನ ಬಳಿ ದೊಡ್ಡ ಹುದ್ದೆಯಲ್ಲಿ ಇದ್ದವರು, ಆ ಕಾರಣಕ್ಕೆ ತಮ್ಮನ್ನು ತಾವೇ ಕೆಟ್ಟವರು ಅಂದುಕೊಂಡವರು. ಇಲ್ಲಿ ಕನ್ನಡಿಗರು ಕಿವಿ ನಿಮಿರಿಸಬೇಕು. ಅವರ ತಮ್ಮನ ಮಗ ಜೀವ ಗೋಸ್ವಾಮಿ ಬರೆದಿಟ್ಟ ವಂಶಾವಳಿ ಪ್ರಕಾರ ಈ ಮನೆತನದ ಮೂಲಪುರುಷ ಕರ್ನಾಟಕದವನು. ಅಂದರೆ ವೃಂದಾವನದಲ್ಲಿ ಕೂತು ಇಡೀ ಗೌಡೀಯ ಪಂಥಕ್ಕೆ, ಅಂದರೆ ಚೈತನ್ಯರ ಈ ಭಕ್ತಿಪಂಥಕ್ಕೆ, ಶಾಸ್ತ್ರ ಬರೆದುಕೊಟ್ಟವರ ಬೇರು ಇಲ್ಲಿಯದು, ಮತ್ತು ಪುರಿಯ ದೇವಸ್ಥಾನದ ಹೊರಗೇ ಉಳಿದವರಲ್ಲಿ ಅವರೂ ಇದ್ದರು.

ಉಡುಪಿಯ ನಂಟೂ ಇದೆ. ಗೌಡೀಯರು ತಮ್ಮ ಗುರುಪರಂಪರೆಯಲ್ಲಿ ಮಧ್ವಾಚಾರ್ಯರನ್ನು ಹೇಳುತ್ತಾರೆ, ನಮ್ಮ ವ್ಯಾಸರಾಯರನ್ನೂ ಹೇಳುತ್ತಾರೆ. ನ್ಯೂಯಾರ್ಕಿನ ಭಕ್ತನ ಕೈಯಲ್ಲಿರುವ ಗೀತೆಯ ಮೊದಲ ಪುಟಗಳಲ್ಲೇ ಆ ಪಟ್ಟಿ ಇದೆ. ಇದನ್ನು ಒಪ್ಪದ ವಿದ್ವಾಂಸರು ಇದ್ದಾರೆ, ತತ್ತ್ವದಲ್ಲಿ ವ್ಯತ್ಯಾಸವೂ ಇದೆ. ಚೈತನ್ಯರು ಉಡುಪಿಗೆ ಬಂದು ಕೃಷ್ಣನನ್ನು ನೋಡಿ ಕುಣಿದು, ಆಮೇಲೆ ಅಲ್ಲಿನ ತತ್ತ್ವವಾದಿಗಳ, ಅಂದರೆ ಮಧ್ವಮತದವರ ಜೊತೆ ವಾದಕ್ಕೆ ಕೂತರು ಅಂತ ಅವರ ಗ್ರಂಥವೇ ಬರೆಯುತ್ತದೆ. ವಾದ ಮಾಡಿದರು, ಪರಂಪರೆಯಲ್ಲಿ ಹೆಸರೂ ಇಟ್ಟುಕೊಂಡರು. ನನಗೆ ಇದು ತುಂಬ ಇಷ್ಟ.

ಹಾಗಂತ ನಾವೇನೂ ಪುರಿಯವರಿಗಿಂತ ದೊಡ್ಡ ಉದಾರಿಗಳಲ್ಲ. ಕನಕನ ಕಿಂಡಿಯ ಕಥೆ ಬಿಡಿ, ಮೊನ್ನೆ ಮೊನ್ನೆಯದು ತಗೊಳ್ಳಿ. ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು ಅಮೆರಿಕಕ್ಕೆ ಹೋಗಿ ನ್ಯೂಜೆರ್ಸಿಯಂಥ ಕಡೆ ಕೃಷ್ಣ ದೇವಸ್ಥಾನ ಮಾಡಿದರು. ಸಮುದ್ರ ದಾಟಿದವರು ಕೃಷ್ಣನ ಮೂರ್ತಿ ಮುಟ್ಟಿ ಪೂಜೆ ಮಾಡಬಾರದು ಅಂತ 2008ರ ಪರ್ಯಾಯದ (ಉಡುಪಿ ಕೃಷ್ಣನ ಪೂಜೆಯ ಸರದಿಯ) ಹೊತ್ತಿಗೆ ಎಷ್ಟು ದೊಡ್ಡ ತಕರಾರು ಆಯಿತು ಅನ್ನೋದು ನಿಮ್ಮ ಹಳೆ ಸಂಚಿಕೆಗಳಲ್ಲೇ ಇರುತ್ತದೆ. ಇಲ್ಲಿಂದ ಹೋದ ಸ್ವಾಮಿಗೇ ಈ ಪಾಡು. ಆದರೆ ಪರ್ಯಾಯ ನಿಲ್ಲಲಿಲ್ಲ, 2024ರಲ್ಲಿ ಅವರದ್ದೇ ನಾಲ್ಕನೇ ಪರ್ಯಾಯವೂ ಶುರುವಾಯಿತು. ನಿಯಮ ಬದಲಾಗುವುದೇ ಇಲ್ಲ ಅನ್ನೋರು ಇದನ್ನು ನೆನಪಿಟ್ಟುಕೊಳ್ಳಲಿ.

ಇನ್ನೊಂದು ಮಾತು, ಇದು ಭಕ್ತರಿಗೆ ಹಿಡಿಸದೇ ಇರಬಹುದು. ವಿದೇಶಿ ಭಕ್ತರನ್ನು ಬೊಂಬೆ ಮಾಡಿ ತೋರಿಸುವುದರಿಂದ ಅವರ ಸಂಸ್ಥೆಯ ಕೆಟ್ಟ ಅಧ್ಯಾಯವೂ ಮುಚ್ಚಿಹೋಗುತ್ತದೆ. 1977ರಲ್ಲಿ ಪ್ರಭುಪಾದರು ತೀರಿಕೊಂಡ ಮೇಲೆ ಹನ್ನೊಂದು ಶಿಷ್ಯರು ವಲಯ ಹಂಚಿಕೊಂಡು ಗುರುಗಳಾಗಿ ಕೂತರು, ಅವರಲ್ಲಿ ಹಲವರು ದಾರಿ ತಪ್ಪಿದರು. ಅಮೆರಿಕದ ವೆಸ್ಟ್ ವರ್ಜೀನಿಯಾದ ನ್ಯೂ ವೃಂದಾವನದಲ್ಲಿ ಚಿನ್ನದ ಅರಮನೆ ಕಟ್ಟಿಸಿದ ಕೀರ್ತನಾನಂದ ಸ್ವಾಮಿಯನ್ನು 1987ರಲ್ಲಿ ಸಂಸ್ಥೆಯೇ ಹೊರಹಾಕಿತು, ಆಮೇಲೆ ಅವನು ಜೈಲಿಗೂ ಹೋದ. ಎಲ್ಲಕ್ಕಿಂತ ನೋವಿನದು ಗುರುಕುಲಗಳದ್ದು. ಅಪ್ಪ ಅಮ್ಮ ಪುಸ್ತಕ ಮಾರಲು ಊರೂರು ಸುತ್ತುತ್ತಿದ್ದರು, ಮಕ್ಕಳು ಗುರುಕುಲದಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ ಅನುಭವಿಸುತ್ತಿದ್ದರು. 1998ರಲ್ಲಿ ಸಂಸ್ಥೆಯ ಪತ್ರಿಕೆಯೇ ಇದರ ಬಗ್ಗೆ ವಿವರವಾದ ಲೇಖನ ಪ್ರಕಟಿಸಿತು. 2000ದಲ್ಲಿ ದೊಡ್ಡವರಾದ ಆ ಮಕ್ಕಳು ಟೆಕ್ಸಾಸಿನಲ್ಲಿ ದಾವೆ ಹೂಡಿದರು. ಪರಿಹಾರ ಕೊಡಬೇಕಾಯಿತು. ತಪ್ಪನ್ನು ತಮ್ಮ ಪತ್ರಿಕೆಯಲ್ಲೇ ಬರೆದುಕೊಂಡ ಧೈರ್ಯ ನಮ್ಮಲ್ಲಿ ಎಷ್ಟು ಮಠಗಳಿಗೆ ಇದೆ ಅನ್ನೋದು ಬೇರೆ ಮಾತು. ಆದರೆ ಕನ್ನಡದಲ್ಲಿ ಇದನ್ನು ಓದಿದ ನೆನಪು ನನಗಿಲ್ಲ. ಕೃಷ್ಣನನ್ನು ನಂಬಿ ಬಂದ ಮನೆಗಳ ಮಕ್ಕಳು ಅವರು, ಅವರ ಕಷ್ಟವೂ ಭಕ್ತಿಯ ಚರಿತ್ರೆಗೆ ಸೇರಿದ್ದೇ ಅಲ್ವಾ?

ಇವತ್ತು ಅಮೆರಿಕ, ಬ್ರಿಟನ್ನಿನ ಆ ದೇವಸ್ಥಾನಗಳಿಗೆ ಭಾನುವಾರ ಹೋದರೆ ತುಂಬಿರುವವರು ಜಾಸ್ತಿ ನಮ್ಮವರೇ, ಕನ್ನಡಿಗರೂ ಸೇರಿ. ಅಲ್ಲಿನ ಮಕ್ಕಳಿಗೆ ಗೀತೆಯ ಶ್ಲೋಕ ಕಲಿಸುವವರಲ್ಲಿ, ತೀರ್ಥ ಕೊಡುವವರಲ್ಲಿ ಅಲ್ಲೇ ಹುಟ್ಟಿದ ಬಿಳಿಯರು, ಕಪ್ಪು ಜನ ಇರುತ್ತಾರೆ. ನಮ್ಮ ಮನೆಯವರೇ ಅವರ ಕಾಲಿಗೆ ಬೀಳುತ್ತಾರೆ. ಅದೇ ವ್ಯಕ್ತಿ ನಮ್ಮೂರ ದೇವಸ್ಥಾನಕ್ಕೆ ಬಂದರೆ ಬಾಗಿಲಲ್ಲಿ ತಡೆಯದಿದ್ದರೂ ಸುತ್ತ ಮೊಬೈಲ್ ಹಿಡಿದು ಮುತ್ತಿಕೊಳ್ಳುತ್ತೇವೆ. ಅರ್ಚನೆಗೆ ನಿಂತರೆ ಗೋತ್ರ ಕೇಳಿ ಮುಸಿಮುಸಿ ನಗುತ್ತೇವೆ. ಅವರು 'ಅಚ್ಯುತ ಗೋತ್ರ' ಅನ್ನುತ್ತಾರೆ. ಭಾಗವತದಲ್ಲೇ ಬರುವ ಮಾತು ಅದು.

ಜಗನ್ನಾಥನ ವಿಷಯಕ್ಕೇ ಬಂದರೆ, 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಾಲತಿ ಅನ್ನೋ ಭಕ್ತೆಗೆ ಆಮದು ಸಾಮಾನು ಮಾರುವ ಅಂಗಡಿಯಲ್ಲಿ ಒಂದು ಸಣ್ಣ ಮರದ ಬೊಂಬೆ ಸಿಕ್ಕಿತು. ಪ್ರಭುಪಾದರು ನೋಡಿದ ಕೂಡಲೇ ಕೈಮುಗಿದರು, ಅದು ಜಗನ್ನಾಥ ಅಂತ ಅವಳಿಗೆ ಗೊತ್ತಾಗಿದ್ದು ಆಗ. ಅದನ್ನು ನೋಡಿ ಭಕ್ತರು ದೊಡ್ಡ ಮೂರ್ತಿಗಳನ್ನು ಕೆತ್ತಿದರು, ಅದೇ ವರ್ಷ ಒಂದು ಟ್ರಕ್ಕನ್ನೇ ರಥ ಮಾಡಿ ಎಳೆದರು. ಈಗ ಲಂಡನ್, ನ್ಯೂಯಾರ್ಕ್ ಬೀದಿಗಳಲ್ಲೂ ಪ್ರತಿ ವರ್ಷ ರಥಯಾತ್ರೆ. ತಿಥಿ ಬಿಟ್ಟು ಬೇರೆ ದಿನ ರಥ ಎಳೆಯುತ್ತಾರೆ ಅಂತ ಪುರಿಯ ಗಜಪತಿ ಮಹಾರಾಜರು ಆಕ್ಷೇಪ ಎತ್ತಿದ್ದಾರೆ. ನನ್ನ ಪ್ರಕಾರ ಅದರಲ್ಲಿ ಹುರುಳಿದೆ, ಸಂಪ್ರದಾಯ ತೆಗೆದುಕೊಂಡ ಮೇಲೆ ಪಂಚಾಂಗವನ್ನೂ ತೆಗೆದುಕೊಳ್ಳಬೇಕು. ಆದರೆ ನಮ್ಮ ತಿಥಿ ಪಾಲಿಸಿ ಅಂತ ಅವರಿಗೆ ಹೇಳಬಹುದಾದರೆ, ಅವರು ನಮ್ಮ ಪೈಕಿ ಅಂತ ಒಪ್ಪಿಕೊಂಡ ಹಾಗೇ ತಾನೆ?

ನಿಮಗೆ ನನ್ನ ಬೇಡಿಕೆ ಸಣ್ಣದು. ಮುಂದಿನ ಜನ್ಮಾಷ್ಟಮಿಗೆ ಫೋಟೊ ಹಾಕಿ, ಬೇಡ ಅನ್ನಲ್ಲ. ಹೆಸರು ಹಾಕಿ. ಊರು ಹಾಕಿ. ನಿಮ್ಮ ವರದಿಗಾರರು ಐದು ನಿಮಿಷ ಕೂತು ಮಾತಾಡಿಸಲಿ, ಪುರಿಗೆ ಹೋಗಿದ್ದಿರಾ, ಅಲ್ಲಿ ಏನಾಯಿತು ಅಂತ ಕೇಳಲಿ. ಅವರು ಹೇಳಿದ್ದನ್ನು ಕತ್ತರಿಸದೆ ಅಚ್ಚು ಹಾಕಿ.

ಇಂತಿ,
ಒಬ್ಬ ಓದುಗ, ಬೆಂಗಳೂರು